ಜೇಜುರಿಯ ಬಯಲಿನಲ್ಲಿ ಅಪರಿಚಿತ ಮರಕುಟಿಗ



ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನಲ್ಲಿರುವ ಜೇಜುರಿಯ ಹೆಸರನ್ನು ಕೇಳದ ಕನ್ನಡಿಗರು ವಿರಳ. ಮಹಾರಾಷ್ಟ್ರದವರು ಖಂಡೋಬಾ ಎಂದು ಪೂಜಿಸುವ ದೈವವನ್ನೇ ನಾವು ಮೈಲಾರಲಿಂಗನೆಂದೂ ಮಲ್ಲಯ್ಯನೆಂದೂ ಆರಾಧಿಸುತ್ತೇವೆ. ಹೂವಿನಹಡಗಲಿ ಸೀಮೆಯ ಮೈಲಾರಕ್ಕೂ, ರಾಣೆಬೆನ್ನೂರಿನ ಬಳಿಯ ದೇವರಗುಡ್ಡಕ್ಕೂ ಹೋಗುವ ಭಕ್ತರಂತೆಯೇ ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಅನೇಕ ಕುಟುಂಬಗಳವರು ಜೇಜುರಿಯ ಗುಡ್ಡವನ್ನೇರಿ ಭಂಡಾರ ಎರಚಿ ಬರುತ್ತಾರೆ. ಚಂಪಾಷಷ್ಠಿಯ ದಿನವಾಗಲಿ, ಸೋಮವತಿ ಅಮಾವಾಸ್ಯೆಯ ದಿನವಾಗಲಿ ಅಲ್ಲಿನ ಮೆಟ್ಟಿಲುಗಳು ಅರಿಸಿನದಿಂದ ಹೊನ್ನಿನಂತೆ ತೋರುತ್ತವೆ. ಇಂದಿನ ಭಾಷಣದ ವಿಷಯ ಆ ಕ್ಷೇತ್ರದ ಮಹಿಮೆಯಲ್ಲ. ಅದೇ ಗುಡ್ಡದ ಸುತ್ತಲಿನ ಕುರುಚಲು ಬಯಲಿನಲ್ಲಿ ವಾಸಿಸುವ ಒಂದು ಹಕ್ಕಿಯ ಕುಲ, ಮತ್ತು ಆ ಕುಲದ ಅಪರಿಚಿತ ಸದಸ್ಯನೊಬ್ಬ ಅನಿರೀಕ್ಷಿತವಾಗಿ ಅಲ್ಲಿ ಕಾಣಿಸಿಕೊಂಡರೆ ಅದನ್ನು ಸರಿಯಾಗಿ ಗುರುತಿಸುವ ಬಗೆ ಇಂದಿನ ವಿಷಯ.

ಮರಕುಟಿಗ ಎಂಬ ಹೆಸರೇ ಆ ಹಕ್ಕಿಯ ಕಸುಬನ್ನು ಹೇಳುತ್ತದೆ. ಮರಾಠಿಯಲ್ಲಿ ಅದನ್ನು ಸುತಾರ ಪಕ್ಷಿ, ಅಂದರೆ ಬಡಗಿ ಹಕ್ಕಿ, ಎನ್ನುತ್ತಾರೆ. ಉಳಿಯಂತಹ ಕೊಕ್ಕು, ಎರಡು ಬೆರಳು ಮುಂದಕ್ಕೂ ಎರಡು ಹಿಂದಕ್ಕೂ ಚಾಚಿ ತೊಗಟೆಯನ್ನು ಹಿಡಿಯುವ ಪಾದ, ಊರುಗೋಲಿನಂತೆ ಕಾಂಡಕ್ಕೆ ಒತ್ತಿ ನಿಲ್ಲುವ ಬಿರುಸಾದ ಬಾಲದ ಗರಿಗಳು, ಬಿಲದೊಳಗಿನ ಹುಳುವನ್ನು ಎಳೆದು ತೆಗೆಯಬಲ್ಲ ಉದ್ದನೆಯ ಅಂಟು ನಾಲಗೆ, ಇವು ಅದರ ಸಲಕರಣೆಗಳು. ಮರ ಕುಟ್ಟುವಾಗ ಮಿದುಳಿಗೆ ಪೆಟ್ಟಾಗದಂತೆ ಅದರ ತಲೆಬುರುಡೆ ಸ್ಪಂಜಿನ ಹಾಗೆ ಆಘಾತವನ್ನು ಹೀರಿಕೊಳ್ಳುತ್ತದೆ ಎಂದು ಬಹುಕಾಲ ನಂಬಲಾಗಿತ್ತು. 2022ರಲ್ಲಿ ಬೆಲ್ಜಿಯಂನ ಆಂಟ್ವರ್ಪ್ ವಿಶ್ವವಿದ್ಯಾನಿಲಯದ ಸ್ಯಾಮ್ ವಾನ್ ವಾಸನ್‌ಬರ್ಗ್ ಮತ್ತು ಅವರ ಸಂಗಡಿಗರು ಅತಿವೇಗದ ಚಲನಚಿತ್ರಗಳನ್ನು ಅಳೆದು ನೋಡಿ, ತಲೆಯು ಸುತ್ತಿಗೆಯಂತೆ ಗಟ್ಟಿಯಾಗಿಯೇ ವರ್ತಿಸುತ್ತದೆ, ಮಿದುಳು ಬಹಳ ಚಿಕ್ಕದಾದುದರಿಂದ ಅದಕ್ಕೆ ಹಾನಿಯಾಗುವುದಿಲ್ಲ ಎಂದು ತೋರಿಸಿಕೊಟ್ಟರು. ಎಲ್ಲರಿಗೂ ಪರಿಚಿತವಾದ ಹಕ್ಕಿಯ ವಿಷಯದಲ್ಲಿಯೂ ಅಳತೆಯಿಲ್ಲದ ನಂಬಿಕೆ ಎಷ್ಟು ಕಾಲ ಉಳಿಯಬಲ್ಲುದು ಎಂಬುದಕ್ಕೆ ಇದೊಂದು ನಿದರ್ಶನ.

ಅಪರೂಪದ ಹಕ್ಕಿಯನ್ನು ಗುರುತಿಸಬೇಕಾದರೆ ಮೊದಲು ಸಾಮಾನ್ಯ ಹಕ್ಕಿಗಳನ್ನು ಚೆನ್ನಾಗಿ ಅರಿತಿರಬೇಕು. ಜೇಜುರಿಯು ಪುಣೆಯಿಂದ ಆಗ್ನೇಯಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಸಹ್ಯಾದ್ರಿಯ ಮಳೆನೆರಳಿನಲ್ಲಿದೆ. ಪಶ್ಚಿಮಕ್ಕೆ ನೂರು ಕಿಲೋಮೀಟರಿನೊಳಗೇ ಘಟ್ಟದ ನೆತ್ತಿಯಿದ್ದು, ಅಲ್ಲಿನ ಮಹಾಬಲೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಕಱ್ಹಾ ನದಿಯ ಈ ಬಯಲಿಗೆ ಅದರ ಅಲ್ಪ ಪಾಲು ಮಾತ್ರ ದೊರೆಯುತ್ತದೆ. ಆದುದರಿಂದ ಇಲ್ಲಿ ಹುಲ್ಲುಗಾವಲು, ಜಾಲಿ, ಬೋರೆ, ಕಳ್ಳಿಗಿಡಗಳದೇ ರಾಜ್ಯ. ಇಂತಹ ನೆಲಕ್ಕೆ ಹೊಂದಿಕೊಂಡ ಮರಕುಟಿಗ ಒಂದಿದೆ. 1801ರಲ್ಲಿ ಇಂಗ್ಲಿಷ್ ಪಕ್ಷಿಶಾಸ್ತ್ರಜ್ಞ ಜಾನ್ ಲೇಥಮ್ ಅದಕ್ಕೆ ವೈಜ್ಞಾನಿಕ ಹೆಸರಿಡುವಾಗ ಮರಾಠರ ನಾಡನ್ನೇ ನೆನೆದು ‘ಮರಾಟೆನ್ಸಿಸ್’ ಎಂದು ಕರೆದನು. ಹಳದಿ ನೆತ್ತಿಯ ಮರಕುಟಿಗ ಎಂದು ನಾವು ಹೇಳುವ ಈ ಹಕ್ಕಿ ಸುಮಾರು 18 ಸೆಂಟಿಮೀಟರ್ ಉದ್ದದ್ದು. ಕಂದುಗಪ್ಪು ಮೈಮೇಲೆ ಬಿಳಿಯ ಚುಕ್ಕೆ ಪಟ್ಟೆಗಳು, ಹಣೆಯ ಮೇಲೆ ಹಳದಿ, ಹೊಟ್ಟೆಯ ನಡುವೆ ಕೆಂಪು ಕಲೆ. ಗಂಡಿಗೆ ಮಾತ್ರ ನೆತ್ತಿಯ ಹಿಂಭಾಗ ಕೆಂಪು. ದೊಡ್ಡ ಕಾಡು ಇದಕ್ಕೆ ಬೇಕಿಲ್ಲ. ಒಂಟಿ ಜಾಲಿಮರವೇ ಸಾಕು.

ಎರಡನೆಯದು ಹೊಂಬೆನ್ನಿನ ಮರಕುಟಿಗ. ಮೈನಾಗಿಂತ ದೊಡ್ಡದಾದ, ಕೆಂಪು ಜುಟ್ಟಿನ, ಬಂಗಾರದ ಬೆನ್ನಿನ ಈ ಹಕ್ಕಿಯು ನಮ್ಮ ಹಳ್ಳಿಗಳ ಮಾವಿನ ತೋಪು, ತೆಂಗಿನ ತೋಟ, ಸಾಲುಮರಗಳಲ್ಲಿ ಕಿರುಚುತ್ತ ಹಾರುವುದನ್ನು ಎಲ್ಲರೂ ಕಂಡಿರುತ್ತಾರೆ. ಗುಬ್ಬಚ್ಚಿಗಿಂತ ಚಿಕ್ಕದಾದ, ಕಂದು ನೆತ್ತಿಯ ಕಿರು ಮರಕುಟಿಗ ಇನ್ನೊಂದು. ಇವಲ್ಲದೆ ಚಳಿಗಾಲದಲ್ಲಿ ಉತ್ತರದ ದೇಶಗಳಿಂದ ಬರುವ ಒಬ್ಬ ಅತಿಥಿಯಿದೆ. ಇಂಗ್ಲಿಷಿನಲ್ಲಿ ರೈನೆಕ್ ಎಂದು ಕರೆಯಲಾಗುವ ಇದು ಕತ್ತನ್ನು ಹಾವಿನಂತೆ ತಿರುಗಿಸಬಲ್ಲುದು. ಒಣಗಿದ ತೊಗಟೆಯ ಬಣ್ಣದ ಈ ಹಕ್ಕಿ ಮರಕುಟಿಗಗಳ ಕುಟುಂಬಕ್ಕೇ ಸೇರಿದ್ದರೂ ಅದರ ಬಾಲ ಬಿರುಸಲ್ಲ. ಅದು ಮರ ಕುಟ್ಟಿ ಗೂಡು ಕೊರೆಯುವುದೂ ಇಲ್ಲ. ನೆಲದ ಮೇಲೆ ಕುಪ್ಪಳಿಸುತ್ತ ಇರುವೆ ಹೆಕ್ಕುತ್ತದೆ. ಇದನ್ನು ಮೊದಲ ಬಾರಿ ಕಂಡವರು ಯಾವುದೋ ವಿಚಿತ್ರ ಪಕ್ಷಿ ದಾರಿತಪ್ಪಿ ಬಂದಿದೆ ಎಂದುಕೊಳ್ಳುವುದು ಸಹಜ. ಆದರೆ ಬಯಲುಸೀಮೆಗೆ ಅದರ ಬರವು ಪ್ರತಿ ಚಳಿಗಾಲದ ವಾಡಿಕೆ. ನೋಡುವವರಿಗೆ ಹೊಸದಾದದ್ದೆಲ್ಲ ಆ ಸ್ಥಳಕ್ಕೆ ಹೊಸದಾಗಿರಬೇಕಿಲ್ಲ ಎಂಬ ಮೊದಲ ಪಾಠವನ್ನು ಈ ಹಕ್ಕಿ ಕಲಿಸುತ್ತದೆ.

ಈಗ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಜೇಜುರಿಯ ಹಳೆಯ ನೆಲೆಯಾದ ಕಡೆಪಠಾರದ ದಾರಿಯಲ್ಲಿ ಯಾತ್ರಿಕನೊಬ್ಬನು ಹಾರಿಹೋದ ಒಂದು ಹೊಂಬೆನ್ನಿನ ಮರಕುಟಿಗವನ್ನು ಕಾಣುತ್ತಾನೆ. ಅದರ ಸೊಂಟ ಕೆಂಪಾಗಿದ್ದಂತೆ ಅವನಿಗೆ ತೋರುತ್ತದೆ. ಸೊಂಟವೆಂದರೆ ಬಾಲದ ಬುಡಕ್ಕೆ ಮೇಲಿನ ಬೆನ್ನಿನ ಭಾಗ. ಊರ ಹೊಂಬೆನ್ನಿನ ಮರಕುಟಿಗಕ್ಕೆ ಈ ಭಾಗ ಅಚ್ಚಕಪ್ಪು. ಕೆಂಪು ಸೊಂಟದ ಹೊಂಬೆನ್ನಿನವು ಸಹ್ಯಾದ್ರಿಯ ತೇವದ ಕಾಡುಗಳ ವಾಸಿಗಳು. ಕೊಡಗು, ಶಿವಮೊಗ್ಗ, ಉತ್ತರ ಕನ್ನಡದ ಕಾಡುಗಳಲ್ಲಿ ಅವು ಪರಿಚಿತ. ಹಾಗಾದರೆ ಮಳೆಕಾಡಿನ ಹಕ್ಕಿ ಒಣಬಯಲಿಗೆ ಇಳಿಯಿತೇ? ಈ ಪ್ರಶ್ನೆಗೆ ಉತ್ತರ ಹೇಳುವ ಮುನ್ನ ದಾಟಬೇಕಾದ ಮೆಟ್ಟಿಲುಗಳು ಹಲವಿವೆ.

ಮೊದಲನೆಯದು, ಕಂಡದ್ದು ನಿಜವಾಗಿಯೂ ಏನೆಂಬುದು. ಬೆಳಗಿನ ಎಳೆಬಿಸಿಲು ಕಪ್ಪನ್ನು ಕಂದಾಗಿಸುತ್ತದೆ, ಹಳದಿಯನ್ನು ಕಿತ್ತಳೆಯಾಗಿಸುತ್ತದೆ. ಕೆಮ್ಮಣ್ಣು, ಮರದ ಅಂಟು, ಹೂವಿನ ಪರಾಗ ಗರಿಗೆ ಮೆತ್ತಿಕೊಂಡು ಇಲ್ಲದ ಬಣ್ಣವನ್ನು ತೋರಿಸಬಲ್ಲವು. ಗಾಳಿಯಲ್ಲಿಯೇ ಅರಿಸಿನ ತೇಲುವ ಊರಿನಲ್ಲಿ ಒಂದೇ ಒಂದು ಬಣ್ಣವನ್ನು ನಂಬಿ ತೀರ್ಮಾನಕ್ಕೆ ಬರುವುದು ಜಾಣತನವಲ್ಲ. ಆದುದರಿಂದ ಬಣ್ಣಕ್ಕಿಂತ ವಿನ್ಯಾಸವನ್ನು, ಒಂದು ಲಕ್ಷಣಕ್ಕಿಂತ ಲಕ್ಷಣಗಳ ಸಮೂಹವನ್ನು ನೋಡಬೇಕು.

ಹೊಂಬೆನ್ನಿನ ಮರಕುಟಿಗಗಳನ್ನು ಬೇರ್ಪಡಿಸುವ ಲಕ್ಷಣಗಳನ್ನು ಕ್ರಮವಾಗಿ ಹೇಳುತ್ತೇನೆ. ಊರ ಹೊಂಬೆನ್ನಿನದಕ್ಕೆ ಸೊಂಟ ಕಪ್ಪು, ಕತ್ತಿನ ಹಿಂಭಾಗ ಕಪ್ಪು. ಗಂಟಲಿನ ಕಪ್ಪಿನ ಮೇಲೆ ಸಣ್ಣ ಬಿಳಿ ಚುಕ್ಕೆಗಳು. ಕೊಕ್ಕಿನ ಬುಡದಿಂದ ಕತ್ತಿನೆಡೆಗೆ ಇಳಿಯುವ ಸ್ಪಷ್ಟವಾದ ಪ್ರತ್ಯೇಕ ಮೀಸೆಪಟ್ಟೆ ಇದಕ್ಕಿಲ್ಲ. ಘಟ್ಟದ ದೊಡ್ಡ ಹೊಂಬೆನ್ನಿನದು ಸುಮಾರು 33 ಸೆಂಟಿಮೀಟರ್ ಉದ್ದವಿದ್ದು, ಸೊಂಟ ಕೆಂಪು, ಕೊಕ್ಕು ನೀಳ, ಕಣ್ಣು ಬಿಳಿಚು. ಅದರ ಮೀಸೆಪಟ್ಟೆ ಎರಡು ಎಳೆಯಾಗಿ ಒಡೆದು ನಡುವೆ ಬಿಳಿಯ ಜಾಗವನ್ನು ಸುತ್ತುವರಿದಿರುತ್ತದೆ. ಕೆಂಪು ಸೊಂಟದ ಇನ್ನೊಂದು ಜಾತಿಗೆ ಪಾದದಲ್ಲಿ ಮೂರೇ ಬೆರಳು, ಕಣ್ಣು ಕಪ್ಪು, ಮೀಸೆಪಟ್ಟೆ ಒಂದೇ ಎಳೆ. ನಾಲ್ಕನೆಯದೊಂದಿದೆ: ಬಿಳಿ ಕತ್ತಿನ ಮರಕುಟಿಗ. ಇದರ ಕತ್ತಿನ ಹಿಂಭಾಗದಿಂದ ಬೆನ್ನಿನವರೆಗೆ ಅಚ್ಚಬಿಳಿ ಬಣ್ಣ ಇಳಿದು ಬಂದಿರುತ್ತದೆ, ಸೊಂಟ ಕಪ್ಪು, ಹೆಣ್ಣಿನ ನೆತ್ತಿ ಹಳದಿ. ಇದು ಒಣ ಎಲೆಯುದುರುವ ಕಾಡುಗಳ ಹಕ್ಕಿಯಾಗಿದ್ದು, ಅಲ್ಲಲ್ಲಿ ಚದುರಿದಂತೆ ಮಾತ್ರ ಇದೆ. ಸೊಂಟ, ಕತ್ತಿನ ಹಿಂಭಾಗ, ಮೀಸೆಪಟ್ಟೆ, ಕಣ್ಣು ಎಂಬ ನಾಲ್ಕು ಸಂಗತಿಗಳನ್ನು ನೋಡಿಟ್ಟುಕೊಂಡವರು ಈ ನಾಲ್ಕು ಜಾತಿಗಳ ನಡುವೆ ತಡಕಾಡಬೇಕಾಗುವುದಿಲ್ಲ.

ಎರಡನೆಯ ಮೆಟ್ಟಿಲು ಇನ್ನಷ್ಟು ಸೂಕ್ಷ್ಮವಾದುದು. ಸಾಮಾನ್ಯವಾಗಿ ಹಕ್ಕಿಗಳನ್ನು ಗುರುತಿಸುವಾಗ ನಾವು ಸ್ಥಳದ ನೆರವನ್ನು ಪಡೆಯುತ್ತೇವೆ. ಈ ಹಕ್ಕಿ ಹಿಮಾಲಯದ್ದು, ಇಲ್ಲಿರಲಾರದು ಎಂದು ಪುಸ್ತಕದ ಭೂಪಟ ನೋಡಿ ಬಿಟ್ಟುಬಿಡುತ್ತೇವೆ. ನೂರಕ್ಕೆ ತೊಂಬತ್ತೊಂಬತ್ತು ಬಾರಿ ಇದು ಸರಿಯಾದ ದಾರಿಯೇ. ಆದರೆ ಹಕ್ಕಿಯು ತನ್ನ ಎಲ್ಲೆಯನ್ನು ಮೀರಿದೆಯೇ ಎಂಬುದೇ ಪ್ರಶ್ನೆಯಾಗಿರುವಾಗ ಆ ಎಲ್ಲೆಯನ್ನೇ ಸಾಕ್ಷಿಯಾಗಿ ಕರೆಯುವಂತಿಲ್ಲ. ಸಹ್ಯಾದ್ರಿಯ ದೊಡ್ಡ ಹೊಂಬೆನ್ನಿನದನ್ನು ಈಚೆಗೆ ಕೆಲವು ಪಕ್ಷಿತಜ್ಞರು ಮಲಬಾರ್ ಫ್ಲೇಮ್‌ಬ್ಯಾಕ್ ಎಂಬ ಪ್ರತ್ಯೇಕ ಜಾತಿಯಾಗಿ ಪರಿಗಣಿಸುತ್ತಾರೆ. ಹಿಂದಿನ ಪುಸ್ತಕಗಳಲ್ಲಿ ಅದು ದೇಶದ ಇತರ ಭಾಗಗಳ ಹಕ್ಕಿಯೊಡನೆ ಒಂದೇ ಹೆಸರಿನಡಿ ಇತ್ತು. ಘಟ್ಟದಲ್ಲಿ ಕಂಡದ್ದು ಮಲಬಾರಿನದು ಎಂದು ಸ್ಥಳದಿಂದಲೇ ಹೇಳಬಹುದು. ಘಟ್ಟದಿಂದ ದೂರದ ಜೇಜುರಿಯಲ್ಲಿ ಕಂಡದ್ದನ್ನು ಹಾಗೆ ಹೇಳಲಾಗದು. ಅಲ್ಲಿ ಗರಿಯ ಗುರುತು, ಅಳತೆ, ಧ್ವನಿ ಇವೇ ಮಾತನಾಡಬೇಕು.

ಮೂರನೆಯ ಮೆಟ್ಟಿಲು ಸಾಕ್ಷ್ಯದ್ದು. ಹಿಂದಿನ ಕಾಲದಲ್ಲಿ ಸಾಕ್ಷ್ಯವೆಂದರೆ ಗುಂಡಿಟ್ಟು ಕೊಂದ ಹಕ್ಕಿಯ ಚರ್ಮವಾಗಿತ್ತು. ಮುಂಬಯಿ ಸೇನೆಯ ಅಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್ 1832ರಲ್ಲಿ ದಖ್ಖನಿನ ಪಕ್ಷಿಗಳ ಪಟ್ಟಿಯನ್ನು ಪ್ರಕಟಿಸಿದ್ದು ಇಂತಹ ಸಂಗ್ರಹದ ಆಧಾರದಿಂದಲೇ. ಇಂದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಾಡುಪಕ್ಷಿಗಳನ್ನು ಕೊಲ್ಲುವುದಾಗಲಿ, ಅನುಮತಿಯಿಲ್ಲದೆ ಹಿಡಿಯುವುದಾಗಲಿ ಅಪರಾಧ. ಛಾಯಾಚಿತ್ರ, ಧ್ವನಿಮುದ್ರಣ ಮತ್ತು ಆಗಲೇ ಬರೆದ ಟಿಪ್ಪಣಿ ಇಂದಿನ ಸಾಕ್ಷ್ಯಗಳು. ಇವುಗಳಲ್ಲಿ ಮೂರನೆಯದು ಎಲ್ಲಕ್ಕಿಂತ ಅಗ್ಗದ್ದು. ಜನರು ಎಲ್ಲಕ್ಕಿಂತ ಹೆಚ್ಚಾಗಿ ಕಡೆಗಣಿಸುವುದೂ ಅದನ್ನೇ.

ಚರ್ಮ ದೊರೆತರೂ ಸಾಕ್ಷ್ಯ ಶುದ್ಧವಾಗಿರಬೇಕೆಂಬುದಕ್ಕೆ ಮಹಾರಾಷ್ಟ್ರದಲ್ಲಿಯೇ ಪ್ರಸಿದ್ಧವಾದ ಪ್ರಕರಣವೊಂದಿದೆ. ಇಂಗ್ಲಿಷಿನಲ್ಲಿ ಫಾರೆಸ್ಟ್ ಔಲೆಟ್ ಎಂದು ಕರೆಯುವ ಪುಟ್ಟ ಕಾಡುಗೂಬೆಯು 1884ರ ನಂತರ ಖಚಿತವಾಗಿ ಯಾರಿಗೂ ದೊರೆತಿರಲಿಲ್ಲ. ಊರ ಸುತ್ತ ಕಾಣುವ ಹಾಲಕ್ಕಿಯನ್ನೇ ಅದೆಂದು ಭಾವಿಸಿದವರಿದ್ದರು. ರಿಚರ್ಡ್ ಮೈನರ್ಟ್ಸ್‌ಹಾಗೆನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಮಾತ್ರ, 1914ರಲ್ಲಿ ಗುಜರಾತಿನ ಮಾಂಡ್ವಿಯಲ್ಲಿ ತಾನು ಅದನ್ನು ಸಂಗ್ರಹಿಸಿದುದಾಗಿ ಚೀಟಿ ಅಂಟಿಸಿದ ಒಂದು ಚರ್ಮವನ್ನು ಬಿಟ್ಟುಹೋಗಿದ್ದ. ಅಮೆರಿಕದ ಪಮೇಲಾ ರಾಸ್ಮುಸೆನ್ ಮತ್ತು ಸಂಗಡಿಗರು ಆ ಚರ್ಮವನ್ನು ಪರೀಕ್ಷಿಸಿದಾಗ, ಅದು ಜೇಮ್ಸ್ ಡೇವಿಡ್‌ಸನ್ ಎಂಬುವರು 1880ರ ದಶಕದಲ್ಲಿ ಖಾನ್‌ದೇಶದಲ್ಲಿ ಸಂಗ್ರಹಿಸಿದ್ದ ಹಕ್ಕಿಯೆಂದೂ, ಅದನ್ನು ಕದ್ದು ಸುಳ್ಳು ಚೀಟಿ ಅಂಟಿಸಲಾಗಿದೆಯೆಂದೂ ಬಯಲಾಯಿತು. ಸುಳ್ಳು ಸ್ಥಳವನ್ನು ಕೈಬಿಟ್ಟು ಹಳೆಯ ನಿಜವಾದ ಸ್ಥಳಗಳತ್ತ ಹೊರಟ ತಂಡಕ್ಕೆ 1997ರ ನವೆಂಬರಿನಲ್ಲಿ ಶಹಾದಾ ಬಳಿಯ ಕಾಡಿನಲ್ಲಿ ಆ ಗೂಬೆ ಜೀವಂತವಾಗಿ ಕಂಡಿತು. 113 ವರ್ಷಗಳ ಮೌನ ಹೀಗೆ ಮುರಿಯಿತು. ಒಂದು ಸುಳ್ಳು ಚೀಟಿ ಹುಡುಕುವವರನ್ನು ಎಷ್ಟು ದೂರ ದಾರಿತಪ್ಪಿಸಬಲ್ಲುದೆಂಬುದು ಇದರಿಂದ ವಿದಿತವಾಗುತ್ತದೆ.

ಇದೇ ಕಥೆಗೆ ಇನ್ನೊಂದು ಮುಖವೂ ಇದೆ. 2014ರಲ್ಲಿ ಅದೇ ಗೂಬೆಯು ಮುಂಬಯಿಗೆ ಸಮೀಪದ ತಾನ್ಸಾ ಅಭಯಾರಣ್ಯದಲ್ಲಿ, ಅಂದರೆ ಯಾರೂ ನಿರೀಕ್ಷಿಸಿರದ ಪಶ್ಚಿಮ ಘಟ್ಟದ ಕಾಡಿನಲ್ಲಿ, ಕಾಣಿಸಿಕೊಂಡಿತು. ಹಾಗಾಗಿ ‘ಪುಸ್ತಕದಲ್ಲಿಲ್ಲ, ಆದ್ದರಿಂದ ಇರಲಾರದು’ ಎನ್ನುವುದು ‘ನಾನು ಕಂಡೆ, ಆದ್ದರಿಂದ ಇದೆ’ ಎನ್ನುವಷ್ಟೇ ಅವಸರದ ಮಾತು. ಸಂಶಯವೂ ವಿಶ್ವಾಸವೂ ಸಾಕ್ಷ್ಯದ ಮುಂದೆ ಕಾದು ನಿಲ್ಲಬೇಕು.

ಹಾಗಾದರೆ ಸಾಮಾನ್ಯ ನಾಗರಿಕನು ಮಾಡಬೇಕಾದುದೇನು? ಅಪರಿಚಿತ ಮರಕುಟಿಗ ಕಂಡೊಡನೆ ಪುಸ್ತಕ ತೆರೆಯಬಾರದು. ಚಿತ್ರ ನೋಡಿದ ಮೇಲೆ ಕಣ್ಣು ಕಂಡದ್ದು ಯಾವುದು, ಮನಸ್ಸು ತುಂಬಿಕೊಂಡದ್ದು ಯಾವುದು ಎಂಬ ಭೇದ ಅಳಿಸಿಹೋಗುತ್ತದೆ. ಮೊದಲು ದಿನಾಂಕ, ಸಮಯ, ಬೆಳಕು ಯಾವ ಕಡೆಯಿಂದಿತ್ತು, ಹಕ್ಕಿ ಎಷ್ಟು ಹೆಜ್ಜೆ ದೂರದಲ್ಲಿತ್ತು, ಎಷ್ಟು ನಿಮಿಷ ಕಂಡಿತು ಎಂಬುದನ್ನು ಬರೆದುಕೊಳ್ಳಬೇಕು. ಚಿತ್ರಕಲೆ ಬಾರದವರೂ ಮೊಟ್ಟೆಯಾಕಾರದ ಗೆರೆ ಎಳೆದು ಎಲ್ಲೆಲ್ಲಿ ಯಾವ ಬಣ್ಣವಿತ್ತೆಂದು ಗುರುತು ಹಾಕಬಹುದು. ಕಾಣದ ಭಾಗವನ್ನು ‘ಕಾಣಲಿಲ್ಲ’ ಎಂದೇ ಬರೆಯಬೇಕು. ಈ ಒಂದು ಪದ ಟಿಪ್ಪಣಿಯ ಬೆಲೆಯನ್ನು ಹೆಚ್ಚಿಸುತ್ತದೆಯೇ ಹೊರತು ತಗ್ಗಿಸುವುದಿಲ್ಲ. ಪಕ್ಕದಲ್ಲಿ ಕುಳಿತ ಮೈನಾ, ಕಾಗೆ, ಗಿಣಿಗಳೊಡನೆ ಗಾತ್ರವನ್ನು ಹೋಲಿಸಬೇಕು. ಯಾವ ಮರ, ಒಣಕೊಂಬೆಯೋ ಹಸಿಕಾಂಡವೋ, ಕೂಗು ಹೇಗಿತ್ತು, ಮರದ ಮೇಲೆ ನಗಾರಿಯಂತೆ ಬಡಿಯಿತೇ ಎಂಬುದನ್ನೂ ಸೇರಿಸಬೇಕು. ಮರಕುಟಿಗಗಳು ಸೆಕೆಂಡಿಗೆ ಇಪ್ಪತ್ತರಷ್ಟು ವೇಗವಾಗಿ ಬಡಿಯಬಲ್ಲವು; ಬಡಿತದ ಲಯ ಜಾತಿಯಿಂದ ಜಾತಿಗೆ ಬೇರೆ. ಕೈಯಲ್ಲಿರುವ ಸಾಮಾನ್ಯ ಮೊಬೈಲ್ ಫೋನ್ ಕೂಡ ಈ ಧ್ವನಿಯನ್ನು ಹಿಡಿದಿಡುತ್ತದೆ. ಛಾಯಾಚಿತ್ರ ಮಸುಕಾಗಿದ್ದರೂ ಅದನ್ನು ತಿದ್ದದೆ ಇದ್ದಂತೆಯೇ ಉಳಿಸಿಕೊಳ್ಳಬೇಕು.

ಇದಾದ ಮೇಲೆ ಇನ್ನೊಬ್ಬರನ್ನು ಕರೆದೊಯ್ದು ತೋರಿಸಬೇಕು. ಆದರೆ ಕಾಣಬೇಕಾದುದೇನೆಂದು ಅವರಿಗೆ ಮೊದಲೇ ಹೇಳಬಾರದು. ಸಾಧ್ಯವಾದರೆ ಮಾರನೆಯ ದಿನ ಅದೇ ಹೊತ್ತಿಗೆ ಮತ್ತೆ ಹೋಗಬೇಕು. ಧ್ವನಿಮುದ್ರಿಕೆ ನುಡಿಸಿ ಹಕ್ಕಿಯನ್ನು ಪೀಡಿಸುವುದಾಗಲಿ, ಗೂಡಿನ ಬಾಯಿಗೆ ಇಣುಕುವುದಾಗಲಿ ಸಲ್ಲದು. ಬಳಿಕ ದಾಖಲೆಯನ್ನು ಬಲ್ಲವರಿಗೆ ತಲುಪಿಸಬೇಕು. 1883ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಮುಂಬಯಿಯಲ್ಲಿದೆ. ಭಾರತೀಯ ಪ್ರಾಣಿಶಾಸ್ತ್ರೀಯ ಸರ್ವೇಕ್ಷಣಾ ಸಂಸ್ಥೆಯ ಪಶ್ಚಿಮ ಪ್ರಾದೇಶಿಕ ಕೇಂದ್ರ ಪುಣೆಯಲ್ಲಿಯೇ ಇದೆ. ನಾಗರಿಕರು ತಮ್ಮ ಪಕ್ಷಿಪಟ್ಟಿಗಳನ್ನು ಸಲ್ಲಿಸುವ ಈ-ಬರ್ಡ್ ಎಂಬ ವ್ಯವಸ್ಥೆಯಲ್ಲಿ, ಅಸಾಮಾನ್ಯ ದಾಖಲೆಗಳನ್ನು ಆಯಾ ಪ್ರದೇಶವನ್ನು ಬಲ್ಲ ಸ್ವಯಂಸೇವಕರು ಪರಿಶೀಲಿಸಿ ವಿವರ ಕೇಳುತ್ತಾರೆ. ಹಾಗೆ ಕೇಳಿದಾಗ ಅವಮಾನವೆಂದು ಭಾವಿಸಬೇಕಿಲ್ಲ. ಬಂಗಾರವನ್ನು ಒರೆಗೆ ಹಚ್ಚುವುದು ಬಂಗಾರವನ್ನು ಹೀಗಳೆಯುವುದಲ್ಲ.

ಒಂದು ಹಕ್ಕಿಯ ಹೆಸರಿಗಾಗಿ ಇಷ್ಟು ಶ್ರಮವೇಕೆ ಎಂದು ಕೆಲವರು ಕೇಳಬಹುದು. 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿಯು ಸುಮಾರು 30,000 ವೀಕ್ಷಕರು ನೀಡಿದ 3 ಕೋಟಿ ದಾಖಲೆಗಳನ್ನು ಆಧರಿಸಿ 942 ಜಾತಿಗಳನ್ನು ಪರಿಶೀಲಿಸಿತು. ಯಾವ ಹಕ್ಕಿ ಕ್ಷೀಣಿಸುತ್ತಿದೆ, ಯಾವುದಕ್ಕೆ ರಕ್ಷಣೆ ಬೇಕು ಎಂಬ ನಿರ್ಣಯಗಳಿಗೆ ಇಂದು ಸಾಮಾನ್ಯ ಜನರ ಟಿಪ್ಪಣಿಗಳೇ ತಳಹದಿ. ತಳಹದಿಯ ಕಲ್ಲು ಸಡಿಲವಾದರೆ ಮೇಲಿನ ಕಟ್ಟಡವೂ ಸಡಿಲವೇ.

ಜೇಜುರಿಯಂತಹ ಪ್ರದೇಶಕ್ಕೆ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಕುರುಚಲು ಬಯಲನ್ನು ಬಂಜರು ಎಂದು ಕರೆಯುವುದು ನಮ್ಮಲ್ಲಿ ಬಹುಕಾಲದ ರೂಢಿ. ಮಳೆಕಾಡಿನ ಮರಕುಟಿಗ ಅಲ್ಲಿಗೆ ಬಂದಿದೆಯೆಂಬ ತಪ್ಪು ಸುದ್ದಿ ಹಬ್ಬಿದರೆ, ಈ ಬಯಲಿಗೆ ಬೇಕಾದುದು ದಟ್ಟ ನೆಡುತೋಪು ಎಂಬ ಅಭಿಪ್ರಾಯಕ್ಕೆ ಅದು ಬಲ ನೀಡಬಹುದು. ಆಗ ನಷ್ಟವಾಗುವುದು ಅಲ್ಲಿಯೇ ಹುಟ್ಟಿ ಬೆಳೆದ ಹಳದಿ ನೆತ್ತಿಯ ಮರಕುಟಿಗಕ್ಕೆ, ನೆಲಗುಬ್ಬಿಗಳಿಗೆ, ಚಿಂಕಾರಗಳಿಗೆ. ಜೇಜುರಿಗೆ ಸಮೀಪದ ಸುಪೆಯಲ್ಲಿ ಐದು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು ವಿಸ್ತಾರದ ಮಯೂರೇಶ್ವರ ಅಭಯಾರಣ್ಯವನ್ನು 1997ರಲ್ಲಿ ಘೋಷಿಸಿದ್ದು ಮುಖ್ಯವಾಗಿ ಈ ಚಿಂಕಾರಗಳಿಗಾಗಿ. ಆ ಹುಲ್ಲು ಬಯಲೇ ಅವುಗಳ ಕಾಡು.

ಸುದ್ದಿ ನಿಜವೇ ಆಗಿದ್ದಲ್ಲಿ ಅದರ ಅರ್ಥವನ್ನು ವಿಚಾರಿಸಬೇಕು. ಮರಕುಟಿಗಗಳು ಬಹುಪಾಲು ಹುಟ್ಟಿದ ನೆಲದಲ್ಲಿಯೇ ಬಾಳುವ ಹಕ್ಕಿಗಳು. ಅವು ದೂರದಲ್ಲಿ ಕಂಡರೆ ಹಲವು ಕಾರಣಗಳಿರಬಹುದು. ಗೂಡುಬಿಟ್ಟ ಮರಿ ಹೊಸ ನೆಲೆ ಅರಸಿ ಅಲೆದಿರಬಹುದು. ನೀರಾವರಿ ಬಂದು ಅಂಜೂರ, ಸೀತಾಫಲದ ತೋಟಗಳೂ ಕಾಲುವೆಯಂಚಿನ ಮರಗಳೂ ಬೆಳೆದು, ಘಟ್ಟದಿಂದ ಬಯಲಿಗೆ ಹಸಿರು ದಾರಿಯೊಂದು ತೆರೆದಿರಬಹುದು. ಮೂಲದ ಕಾಡಿನಲ್ಲಿ ಹಳೆಯ ಮರಗಳು ಉರುಳಿ ನೆಲೆ ತಪ್ಪಿರಬಹುದು. ಅಥವಾ ಅದು ಮೊದಲಿನಿಂದಲೂ ಅಲ್ಲಿಯೇ ಇದ್ದು ನೋಡುವವರು ಇಲ್ಲದಿದ್ದಿರಬಹುದು. ಒಂದು ದಿನದ ಒಂದು ದರ್ಶನದಿಂದ ಇವುಗಳಲ್ಲಿ ಯಾವುದೆಂದು ಹೇಳಲು ಬಾರದು. ಋತುವಿನಿಂದ ಋತುವಿಗೆ ನೋಡುತ್ತ, ಜೋಡಿಯಿದೆಯೇ, ಗೂಡು ಕೊರೆದಿದೆಯೇ ಎಂದು ದಾಖಲಿಸಿದವರು ಮಾತ್ರ ಉತ್ತರದ ಹತ್ತಿರಕ್ಕೆ ಬರುತ್ತಾರೆ. ಅಂತಹವರು ಆ ಊರಿನವರೇ ಆಗಿರಬೇಕು. ಹೊರಗಿನಿಂದ ಬಂದುಹೋಗುವ ತಜ್ಞರಿಗೆ ಅಷ್ಟು ದಿನಗಳ ಬಿಡುವು ಇರುವುದಿಲ್ಲ. ದಿನವೂ ಆ ಬಯಲಿನಲ್ಲಿ ಕುರಿ ಕಾಯುವವರು, ಹೊಲಕ್ಕೆ ಹೋಗುವವರು, ಶಾಲೆಯ ಮಕ್ಕಳು ಇವರೇ ಈ ಕೆಲಸಕ್ಕೆ ಅರ್ಹರಾದವರು.

ಕೊನೆಯದಾಗಿ ಒಂದು ಮಾತು. ಒಣಗಿ ನಿಂತ ಮರವನ್ನು ಸೌದೆಗೆಂದು ಕಡಿಯುವ ಮುನ್ನ ಅದರ ಕಾಂಡದಲ್ಲಿ ದುಂಡಗಿನ ರಂಧ್ರವಿದೆಯೇ ಎಂದು ನೋಡಬೇಕು. ಮರಕುಟಿಗ ಕೊರೆದು ಬಿಟ್ಟ ಪೊಟರೆಯಲ್ಲಿ ಮುಂದಿನ ವರ್ಷ ಮೈನಾ, ಗಿಣಿ, ಹಾಲಕ್ಕಿಗಳು ಸಂಸಾರ ಹೂಡುತ್ತವೆ. ನಮ್ಮ ಸಂವಿಧಾನದ 51ಎ ವಿಧಿಯು ಅರಣ್ಯ ಮತ್ತು ವನ್ಯಜೀವಿಗಳನ್ನು ರಕ್ಷಿಸುವುದನ್ನೂ, ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದನ್ನೂ ಪ್ರತಿಯೊಬ್ಬ ನಾಗರಿಕನ ಕರ್ತವ್ಯಗಳೆಂದು ಹೇಳಿದೆ. ಮರಕುಟಿಗವೊಂದನ್ನು ತಾಳ್ಮೆಯಿಂದ ನೋಡಿ, ಕಂಡಷ್ಟನ್ನೇ ಬರೆದು, ಅದು ಕುಳಿತ ಮರವನ್ನು ಉಳಿಸಿದವರು ಈ ಎರಡೂ ಕರ್ತವ್ಯಗಳನ್ನು ಒಟ್ಟಿಗೆ ನೆರವೇರಿಸಿದಂತಾಗುತ್ತದೆ.